ಭತ್ತದ ಗದ್ದೆಗೆ ಲೇಸರ್ ಲೆವೆಲರ್ ಬಾಡಿಗೆ: ಕೊಟ್ಟ ಹಣಕ್ಕೆ ತಕ್ಕ ಕೆಲಸವೇ?

ತುಂಗಭದ್ರಾ ಎಡದಂಡೆ ನಾಲೆಯ ಅಚ್ಚುಕಟ್ಟಿನಲ್ಲಿ, ಕಾರಟಗಿ, ಸಿಂಧನೂರು ಕಡೆಗೆ, ಬೇಸಿಗೆ ಭತ್ತ ಕಟಾವಾದ ಮೇಲೆ ಗದ್ದೆ ಸಮತಟ್ಟು ಮಾಡುವ ಲೇಸರ್ ಲೆವೆಲರ್ ಯಂತ್ರ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ನಮ್ಮ ಎರೆಭೂಮಿಗೆ (ಕಪ್ಪುಮಣ್ಣಿನ ಹೊಲಕ್ಕೆ) ಈ ಸೇವೆ ಪಡೆದು, ಆನಂತರ ಮುಂಗಾರು ಮತ್ತು ಬೇಸಿಗೆ ಎರಡೂ ಬೆಳೆ ತೆಗೆದ ಅನುಭವದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ನೀರು ಉಳಿಸುವ ಬೇರೆ ಯಾವ ವಿಧಾನಕ್ಕೆ ಕೈಹಾಕುವ ಮೊದಲೂ ಮಡಿಯನ್ನು, ಅಂದರೆ ಬದುಗಳ ನಡುವಿನ ಗದ್ದೆಯ ತುಂಡನ್ನು, ಮಟ್ಟ ಮಾಡಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯಂತ್ರದ ಕೆಲಸ ಸರಳವಾಗಿದೆ. ಬದುವಿನ ಮೇಲೆ ಮೂರು ಕಾಲಿನ ಸ್ಟ್ಯಾಂಡಿಗೆ ಕೂರಿಸಿದ ಟ್ರಾನ್ಸ್‌ಮಿಟರ್ ಸುತ್ತಲೂ ಒಂದೇ ಮಟ್ಟದಲ್ಲಿ ಕಿರಣ ಹಾಯಿಸುತ್ತದೆ. ಟ್ರ್ಯಾಕ್ಟರ್ ಎಳೆಯುವ ಬಕೆಟ್ಟಿನ ಕಂಬದ ಮೇಲಿರುವ ರಿಸೀವರ್ ಅದನ್ನು ಗ್ರಹಿಸಿದಂತೆ ಬಕೆಟ್ಟು ತಾನಾಗಿಯೇ ಏರಿ ಇಳಿದು, ಉಬ್ಬಿನ ಮಣ್ಣನ್ನು ಕೆರೆದುಕೊಂಡು ಹೋಗಿ ತಗ್ಗಿಗೆ ಸುರಿಯುತ್ತದೆ. ಸರಿಯಾಗಿ ನಡೆಸಿದರೆ ಏರುಪೇರು 2 ಸೆಂ.ಮೀ. ಒಳಗೆ ಬರುತ್ತದೆ, ಕೆಸರಿನಲ್ಲಿ ಹಲಗೆ ಎಳೆದು ಇಷ್ಟು ಸಮತಟ್ಟು ಮಾಡಲು ಆಗುವುದಿಲ್ಲ.

ಫಲಿತಾಂಶ ಕಣ್ಣಿಗೆ ಕಾಣುವಂಥದ್ದು. ಮೊದಲು ಉಬ್ಬಿದ ಜಾಗ ತೋಯಲೆಂದು ನೀರು ಬಿಟ್ಟರೆ ತಗ್ಗಿನ ಮೂಲೆಯಲ್ಲಿ ಸಸಿಗಳು ಮುಳುಗುತ್ತಿದ್ದವು, ಮುಳುಗಬಾರದೆಂದು ತೂಬು ಮುಚ್ಚಿದರೆ ಉಬ್ಬಿನಲ್ಲಿ ಕಳೆ ಏಳುತ್ತಿತ್ತು. ಈಗ 5 ಸೆಂ.ಮೀ. ನೀರು ಇಡೀ ಮಡಿಯಲ್ಲಿ ಒಂದೇ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ, ಕಳೆನಾಶಕವೂ ಎಲ್ಲ ಕಡೆ ಸಮನಾಗಿ ಕೆಲಸ ಮಾಡುತ್ತದೆ. ಪಂಜಾಬ್ ಮತ್ತು ಹರಿಯಾಣದ ಭತ್ತ-ಗೋಧಿ ಹೊಲಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳುತ್ತದೆ: ನೀರು ಹಾಯಿಸುವ ಅವಧಿ ಒಂದು ಹಂಗಾಮಿಗೆ ಹೆಕ್ಟೇರಿಗೆ ಭತ್ತದಲ್ಲಿ 47ರಿಂದ 69 ಗಂಟೆ, ಗೋಧಿಯಲ್ಲಿ 10ರಿಂದ 12 ಗಂಟೆ ಕಡಿಮೆಯಾಗಿದ್ದು, ಎರಡರ ಇಳುವರಿಯೂ ಸುಮಾರು ಶೇ. 7ರಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ಏರಿದೆ.

ದೂರು ಇರುವುದು ಯಂತ್ರದ ಬಗ್ಗೆಯಲ್ಲ, ಅದನ್ನು ನಡೆಸುವ ರೀತಿಯ ಬಗ್ಗೆ. ನಾವು ಕರೆಸಿದ ಚಾಲಕರು ಮೊದಲ ಮಡಿಯಲ್ಲಿ ಅಲ್ಲಲ್ಲಿ ಅಳತೆಗೋಲು ನಿಲ್ಲಿಸಿ ಸರಾಸರಿ ಮಟ್ಟ ತೆಗೆಯದೆ, ಕಣ್ಣಂದಾಜಿನಲ್ಲಿಯೇ ಬಕೆಟ್ಟು ಇಳಿಸಿದರು. ಅಗತ್ಯಕ್ಕಿಂತ ಆಳವಾಗಿ ಮಣ್ಣು ಹೋಯಿತು, ಗಂಟೆಯ ಬಿಲ್ಲೂ ಬೆಳೆಯಿತು. ಮುಂದಿನ ಮಡಿಗೆ ಪಟ್ಟು ಹಿಡಿದು ಅಳತೆ ಮಾಡಿಸಿದ್ದರಿಂದ ಕೆಲಸ ಬೇಗ ಮುಗಿಯಿತು. ಬಾಡಿಗೆ ಮಾತಾಡುವಾಗಲೇ ಅಳತೆಯ ಷರತ್ತು ಹಾಕುವುದು ರೈತನ ಹಕ್ಕು. ಇದರಲ್ಲಿ ಸಂಕೋಚ ಬೇಡ.

ಮಣ್ಣಿನ ವಿಚಾರ ಇನ್ನೂ ಮುಖ್ಯ, ಆದರೆ ಬಾಡಿಗೆಗೆ ಕೊಡುವವರು ಇದನ್ನು ಹೇಳುವುದೇ ಇಲ್ಲ. ಉಬ್ಬು ಕೆರೆದ ಜಾಗದಲ್ಲಿ ಫಲವತ್ತಾದ ಮೇಲ್ಮಣ್ಣು ಹೋಗಿ ಒಳಮಣ್ಣು ಮೇಲೆ ಬರುತ್ತದೆ. ನಮ್ಮಲ್ಲಿ ಮೊದಲ ಬೆಳೆಯಲ್ಲಿ ಅಂಥ ಪಟ್ಟಿಯ ಪೈರು ಕುಳ್ಳಾಗಿ, ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಮೂಡಿದವು. ಇವು ಸತುವಿನ ಕೊರತೆಯ ಲಕ್ಷಣಗಳು. ಎಕರೆಗೆ 8ರಿಂದ 10 ಕೆ.ಜಿ. ಸತುವಿನ ಸಲ್ಫೇಟ್, ಕೆರೆದ ಜಾಗಕ್ಕೆ ಹೆಚ್ಚುವರಿಯಾಗಿ ಕೊಟ್ಟಿಗೆ ಗೊಬ್ಬರ, ಸಾಧ್ಯವಿದ್ದರೆ ಹಸಿರೆಲೆ ಗೊಬ್ಬರದ ಗಿಡವಾದ ಡಯಂಚ ಬೆಳೆದು ಮಣ್ಣಿಗೆ ಸೇರಿಸುವುದು, ಇಷ್ಟರ ಖರ್ಚನ್ನು ಬಾಡಿಗೆಯ ಜೊತೆಗೇ ಲೆಕ್ಕ ಹಾಕಿಕೊಳ್ಳಬೇಕು.

ಸದಾ ನೀರು ನಿಲ್ಲಿಸದೆ, ನಡುನಡುವೆ ಗದ್ದೆ ಆರಲು ಬಿಟ್ಟು ನೀರು ಉಳಿಸುವವರಿಗೆ ಮಟ್ಟವಾದ ಮಡಿಯಲ್ಲಿ ನೀರಳೆಯುವ ಪೈಪು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಸುಮಾರು 30 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಪೈಪಿನ ಕೆಳಗಿನ ಅರ್ಧಕ್ಕೆ ತೂತು ಕೊರೆದು ಮಣ್ಣಿನಲ್ಲಿ ಹುಗಿದು, ಒಳಗಿನ ಮಣ್ಣು ತೆಗೆದರೆ ನೆಲದಡಿಯ ನೀರಿನ ಮಟ್ಟ ಕಾಣುತ್ತದೆ. ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ಹಾಯಿಸಬೇಕು. ಹೂಬಿಡುವ ಹೊತ್ತಿನಲ್ಲಿ ಮಾತ್ರ ನೀರು ನಿಂತೇ ಇರಬೇಕು. ಏರುಪೇರಿನ ಗದ್ದೆಯಲ್ಲಿ ಒಂದು ಪೈಪು ತೋರಿಸುವ ಮಟ್ಟ ಇಡೀ ಮಡಿಗೆ ಅನ್ವಯಿಸುವುದಿಲ್ಲ. ಎರೆಮಣ್ಣು ದೊಡ್ಡ ಬಿರುಕು ಬಿಡುವಷ್ಟು ಒಣಗಿದರೆ ಮುಂದಿನ ನೀರು ಬಿರುಕಿನಲ್ಲೇ ಇಂಗಿಹೋಗುತ್ತದೆ, ಸವಳು ಭೂಮಿಯಲ್ಲಿ ಒಣಗಿಸಿದರೆ ಉಪ್ಪು ಮೇಲೇರುತ್ತದೆ. ಹೀಗಾಗಿ ಅಂಥ ಕಡೆ ಬಹಳ ಎಚ್ಚರ ಬೇಕು.

ಹೂಳಿನಿಂದಾಗಿ ನಮ್ಮ ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105 ಟಿಎಂಸಿಗೆ ಇಳಿದಿದೆ. ನಾಲೆಯ ಮೇಲ್ಭಾಗದವರು ಉಬ್ಬು ತೋಯಿಸಲೆಂದು ಬಿಡುವ ಹೆಚ್ಚುವರಿ ನೀರು ಇಲ್ಲಿನ ನೆಲವನ್ನು ಸವಳು-ಜವಳು (ಉಪ್ಪೇರಿದ, ನೀರು ಹಿಡಿದ ನೆಲ) ಮಾಡುತ್ತದೆ, ಮಾನ್ವಿ ಮತ್ತು ರಾಯಚೂರಿನ ಕೊನೆಭಾಗದ ರೈತರಿಗೆ ನೀರೇ ಮುಟ್ಟದಂತೆ ಮಾಡುತ್ತದೆ. ಇದೊಂದೇ ಕಾರಣಕ್ಕಾದರೂ ಈ ಸೇವೆಯನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಮಡಿಗಳು ತೀರ ಚಿಕ್ಕದಿದ್ದರೆ ಟ್ರ್ಯಾಕ್ಟರ್ ತಿರುಗಿಸುವುದರಲ್ಲೇ ಬಾಡಿಗೆ ಗಂಟೆಗಳು ಕಳೆದುಹೋಗುತ್ತವೆ. ಅಂಥವರು ಮೊದಲು ನಡುವಿನ ಬದುಗಳನ್ನು ತೆಗೆಯುವುದು ಒಳ್ಳೆಯದು. ನೆಲ ಉತ್ತು ಒಣಗಿರಬೇಕಾದ್ದರಿಂದ ನಾಲೆಗೆ ನೀರು ಬರುವ ಮೊದಲೇ ಎಲ್ಲರೂ ಯಂತ್ರಕ್ಕೆ ಮುಗಿಬೀಳುತ್ತಾರೆ, ಆದ್ದರಿಂದ ಬೇಸಿಗೆ ಭತ್ತ ತೆನೆಯಲ್ಲಿರುವಾಗಲೇ ಹೇಳಿಡಬೇಕು.