ದೀಪಾವಳಿ ಆಫರಿನ 11 ಸಾವಿರದ ಫೋನ್: ಒಂದೂವರೆ ವರ್ಷದ ನಂತರ ಅಪ್‌ಡೇಟ್ ಲೆಕ್ಕ

4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಮಾಡೆಲ್ ಬಿಡುಗಡೆಯಾದದ್ದು 2023ರ ಜನವರಿಯಲ್ಲಿ, ದಾವಣಗೆರೆಯ ಅಂಗಡಿಯಲ್ಲಿ ಬಿಲ್ ಆದದ್ದು 2024ರ ನವೆಂಬರ್‌ನಲ್ಲಿ. ಕಂಪನಿಯ ಮಾತು: 2 ಆಂಡ್ರಾಯ್ಡ್ ಅಪ್‌ಗ್ರೇಡ್ (ಹೊಸ ವರ್ಷನ್), 4 ವರ್ಷ ಸೆಕ್ಯುರಿಟಿ ಅಪ್‌ಡೇಟ್ (ಸುರಕ್ಷತೆಯ ತೂತು ಮುಚ್ಚುವುದು). ಈವರೆಗೆ ಮಾತು ತಪ್ಪಿಲ್ಲ. ಆಂಡ್ರಾಯ್ಡ್ 13ರಿಂದ 15ರವರೆಗೆ ಬಂದಿದೆ, ಅಲ್ಲಿಗೆ ಅಪ್‌ಗ್ರೇಡ್ ಕೋಟಾ ಖಾಲಿ.

ಎಡವಟ್ಟಾಗುವುದು ಆ 'ನಾಲ್ಕು ವರ್ಷ'ದಲ್ಲಿ. ಅದು ಬಿಲ್ ತಾರೀಖಿನಿಂದಲ್ಲ, ಮಾಡೆಲ್ ಬಿಡುಗಡೆಯ ದಿನದಿಂದ. 2027ರ ಜನವರಿಗೆ ಮುಗಿಯುತ್ತದೆ. ಕೊಂಡವರ ಪಾಲಿಗೆ ಉಳಿದದ್ದು 26 ತಿಂಗಳು, 11 ಸಾವಿರವನ್ನು ಅಷ್ಟಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 423 ರೂಪಾಯಿ. 2024ರ ಅಕ್ಟೋಬರ್‌ನಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿಗೆ 6 ಅಪ್‌ಗ್ರೇಡ್, 6 ವರ್ಷ ಸೆಕ್ಯುರಿಟಿ. ಅದರ 8 ಜಿಬಿ, 128 ಜಿಬಿ ಫೋನಿನ ಬಿಡುಗಡೆ ಬೆಲೆ 18,999. ಅದೇ ನವೆಂಬರ್‌ನಲ್ಲಿ ಕೊಂಡಿದ್ದರೆ 71 ತಿಂಗಳು, ತಿಂಗಳಿಗೆ 268. ಅಗ್ಗದ್ದು ಯಾವುದು ನೀವೇ ನೋಡಿ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24ಗೆ 7 ವರ್ಷ ಇದೆ, ಆದರೆ ಅವು ಬೇರೆ ಜೇಬಿನ ಮಾತು.

ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಲೆಕ್ಕ ತಿರುಗಿದೆ: ಮಾಡೆಲ್‌ನ ಮಾರಾಟ ನಿಂತ ದಿನದಿಂದ ಕನಿಷ್ಠ 5 ವರ್ಷ ಅಪ್‌ಡೇಟ್. ನಮ್ಮಲ್ಲಿ ಅಂಥ ನಿಯಮವಿಲ್ಲ. ಹಾಗಾಗಿ ಹಬ್ಬದ ಆಫರಿನಲ್ಲಿ 'ಹೊಸ ಸ್ಟಾಕ್' ಅಂದಾಗ ಕೇಳಬೇಕಾದ್ದು ಒಂದೇ, ಮಾಡೆಲ್ ಯಾವಾಗ ಬಿಟ್ಟಿದ್ದು?

ಪ್ಯಾಚ್, ಅಂದರೆ ಈ ಸೆಕ್ಯುರಿಟಿ ಅಪ್‌ಡೇಟ್, ಬರುವ ವೇಗವೂ ಒಂದೇ ಸಮ ಇರುವುದಿಲ್ಲ. ಈ ಫೋನಿಗೆ ಮೊದಲು ತಿಂಗಳಿಗೊಮ್ಮೆ ಬರುತ್ತಿತ್ತು, ಈಗ ಮೂರು ತಿಂಗಳಿಗೊಮ್ಮೆ. ಸೆಟ್ಟಿಂಗ್ಸ್, ಅಬೌಟ್ ಫೋನ್, ಸಾಫ್ಟ್‌ವೇರ್ ಮಾಹಿತಿಗೆ ಹೋಗಿ 'ಸೆಕ್ಯುರಿಟಿ ಪ್ಯಾಚ್ ಲೆವೆಲ್' ನೋಡಿ. ಅಲ್ಲಿನ ತಾರೀಖು 1 ಅಥವಾ 5 ಇರುತ್ತದೆ. 5 ಅಂದರೆ ಕರ್ನಲ್ (ಆಂಡ್ರಾಯ್ಡ್‌ನ ತಿರುಳು), ಚಿಪ್ ತಯಾರಕರ ಡ್ರೈವರ್‌ಗಳ (ಚಿಪ್ ನಡೆಸುವ ಸಾಫ್ಟ್‌ವೇರ್) ದೋಷಗಳ ಪ್ಯಾಚ್ ಕೂಡ ಸೇರಿದೆ. ಅದರ ಹತ್ತಿರವೇ ಇರುವ 'ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್' ತಾರೀಖು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಅದು ಗೂಗಲ್ ನೇರವಾಗಿ ಕಳಿಸುವುದು, ಕಂಪನಿ ಕೈಬಿಟ್ಟ ಮೇಲೂ ಬರಬಹುದು. ಆದರೆ ಮೋಡೆಮ್, ವೈಫೈ, ಗ್ರಾಫಿಕ್ಸ್ ಚಿಪ್‌ನ ತೂತುಗಳನ್ನು ಅದು ಮುಚ್ಚುವುದಿಲ್ಲ.

ಈ ಫೋನಿಗೆ ನಿಜವಾಗಿ ಪೆಟ್ಟು ಕೊಟ್ಟದ್ದು ಆಂಡ್ರಾಯ್ಡ್ 15. ಮಿರ್ಚಿ-ಮಂಡಕ್ಕಿ ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡೋಣವೆಂದು ಆಪ್ ಒತ್ತಿದರೆ ಏಳೆಂಟು ಸೆಕೆಂಡು ಬರೀ ಬಿಳಿ ಪರದೆ, ಹಿಂದೆ ನಿಂತವರ ಗೊಣಗಾಟ. ಕಾರಣ 4 ಜಿಬಿ ರ‍್ಯಾಮ್. ವಾಟ್ಸಾಪ್‌ನಿಂದ ಹೊರಬಂದ ಕೂಡಲೇ ಸಿಸ್ಟಮ್ ಹಿಂದಿನ ಆಪ್‌ಗಳನ್ನು ಮುಚ್ಚುತ್ತದೆ, ಪ್ರತಿಸಲ ಮೊದಲಿನಿಂದ ತೆರೆಯಬೇಕು. 'ವರ್ಚುವಲ್ ರ‍್ಯಾಮ್' ಆಫ್ ಮಾಡಿ ರೀಸ್ಟಾರ್ಟ್ ಮಾಡಿದರೆ ಸ್ವಲ್ಪ ಹಗುರ. ಅದು ನಿಧಾನದ ಸ್ಟೋರೇಜನ್ನೇ ರ‍್ಯಾಮ್ ಎಂದು ಬಳಸುವ ಆಟ, ಮೇಲಾಗಿ 4 ಜಿಬಿ ಜಾಗವನ್ನೂ ತಿನ್ನುತ್ತದೆ. ವಾಟ್ಸಾಪ್ ಮೀಡಿಯಾ ಅಳಿಸಿ 10 ಜಿಬಿಯಾದರೂ ಖಾಲಿ ಇಡಿ.

ದೊಡ್ಡ ಅಪ್‌ಗ್ರೇಡನ್ನು ಏಪ್ರಿಲ್ ಮಧ್ಯಾಹ್ನ ಹಾಕಬೇಡಿ. ನಮ್ಮೂರಿನ ಬಿಸಿಲಿಗೆ ಫೋನು ಮೊದಲೇ ಕಾದಿರುತ್ತದೆ, ಇನ್‌ಸ್ಟಾಲ್ ಮುಗಿದ ಮೇಲೂ ಒಂದೆರಡು ದಿನ ಒಳಗೆ ಆಪ್‌ಗಳನ್ನು ಹೊಂದಿಸುವ ಕೆಲಸ ನಡೆದಿರುತ್ತದೆ. ರಾತ್ರಿ, ಕವರ್ ತೆಗೆದು, ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇಟ್ಟುಕೊಂಡು, ವೈಫೈನಲ್ಲಿ ಹಾಕಿ. ಮೂರು ದಿನ ಬ್ಯಾಟರಿಯನ್ನು ಬೈಯಬೇಡಿ.

ಹಳೇ ವರ್ಷನ್ನಿಗೆ ವಾಪಸ್ ಹೋಗುವ ಆಸೆ ಬೇಡ, ಹೆಚ್ಚಿನ ಫೋನ್‌ಗಳಲ್ಲಿ ಬೂಟ್‌ಲೋಡರ್ (ಆನ್ ಆಗುವಾಗ ಸಿಸ್ಟಮ್ ಶುರುಮಾಡುವ ಪ್ರೋಗ್ರಾಂ) ಒಪ್ಪುವುದಿಲ್ಲ. ಅದನ್ನು ಅನ್‌ಲಾಕ್ ಮಾಡಿ ಕಸ್ಟಮ್ ರಾಮ್ (ROM, ಕಂಪನಿಯದಲ್ಲದ ಆಂಡ್ರಾಯ್ಡ್) ಹಾಕಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ, ಆಮೇಲೆ ಬ್ಯಾಂಕ್ ಆಪ್ ತೆರೆಯದಿದ್ದರೆ ಅವರನ್ನು ಕೇಳಿ ಪ್ರಯೋಜನವಿಲ್ಲ. ಅಪ್‌ಗ್ರೇಡ್ ನಂತರ ಫೋನು ತೀರಾ ತಡವರಿಸಿದರೆ ಬ್ಯಾಕಪ್ ತೆಗೆದು ಫ್ಯಾಕ್ಟರಿ ರೀಸೆಟ್ ಮಾಡಿ. ಆಮೇಲೆ ಯುಪಿಐ ಮತ್ತೆ ನೋಂದಾಯಿಸಲು ಬ್ಯಾಂಕಿಗೆ ಕೊಟ್ಟ ಸಿಮ್ ಆ ಫೋನಿನಲ್ಲೇ ಇರಬೇಕು, ಅದರಿಂದ ಎಸ್ಸೆಮ್ಮೆಸ್ ಹೋಗಬೇಕು. ರೀಚಾರ್ಜ್ ಮುಗಿದ ಸಿಮ್ ಇಟ್ಟುಕೊಂಡು ರೀಸೆಟ್ ಒತ್ತಬೇಡಿ.