ಸ್ಟಡ್ ಫೈಂಡರ್ ಜೊತೆ ಮೂರು ವರ್ಷ: ಬೀಪ್ ಒಂದು ಕಡೆ, ಸ್ಟಡ್ ಇನ್ನೊಂದು ಕಡೆ

ಸ್ಟಡ್ ಫೈಂಡರ್ ಅಂದರೆ ಗೋಡೆಯೊಳಗಿನ ಸ್ಟಡ್ ಹುಡುಕಿ ಬೀಪ್ ಅನ್ನುವ ಕೈಮೆಷಿನ್. ಈ ಮೆಷಿನ್ ಕೆಟ್ಟದ್ದು ಅಂತ ಹೇಳೋಕೆ ಬರೆಯುತ್ತಿಲ್ಲ. ಆದರೆ ನಮ್ಮ ಹಾಲ್ ಗೋಡೆಯಲ್ಲಿ ಕ್ಯಾಲೆಂಡರ್ ಹಿಂದೆ ನಾಲ್ಕು ತೂತುಗಳಿವೆ. ನಾಲ್ಕೂ ಇದರ ಕೃಪೆ.

ಮನೆಯ ಒಳಗಿನ ಪಾರ್ಟಿಷನ್ ಗೋಡೆ ಅಂದರೆ ಗೊತ್ತಲ್ವಾ, ಎರಡು ಕಡೆ ಜಿಪ್ಸಮ್ ಬೋರ್ಡ್, ಮಧ್ಯೆ ಬೋರ್ಡನ್ನು ಹಿಡಿದು ನಿಲ್ಲಿಸುವ ತಗಡಿನ ಕಂಬಗಳು, ಅಂದರೆ ಸ್ಟಡ್‌ಗಳು, ಉಳಿದಿದ್ದೆಲ್ಲ ಟೊಳ್ಳು. ಬೋರ್ಡು ಸುಮಾರು 12.5 ಮಿ.ಮೀ. ದಪ್ಪ ಅಷ್ಟೆ. ಹಗುರವಾದ ಫೋಟೋ ಫ್ರೇಮ್ ತಡೆಯುತ್ತದೆ. ಪುಸ್ತಕದ ಶೆಲ್ಫ್ ತಡೆಯಬೇಕಾದರೆ ಸ್ಕ್ರೂ ಸ್ಟಡ್‌ಗೇ ಕಚ್ಚಬೇಕು. ಅದು ಎಲ್ಲಿದೆ ಅಂತ ಹೊರಗಿನಿಂದ ಕಾಣುವುದಿಲ್ಲ, ಅದಕ್ಕೇ ಈ ಮೆಷಿನ್. ಒಂದು ಒಳ್ಳೆಯ ಡ್ರಿಲ್ ಬಿಟ್ ಸೆಟ್ ಬರುವಷ್ಟು ದುಡ್ಡು ಕೊಟ್ಟೆ. ಅದಕ್ಕಿಂತ ದುಬಾರಿಯದ್ದೂ ಇತ್ತು, ವರ್ಷಕ್ಕೆ ನಾಲ್ಕು ಸಲ ಡ್ರಿಲ್ ಹಿಡಿಯುವವನಿಗೆ ಅದು ಯಾಕೆ ಅಂತ ಬಿಟ್ಟೆ. ಮೋಡ್‌ಗಳು, ಸ್ಕ್ರೀನು ಇವೆಲ್ಲ ಡಬ್ಬದ ಮೇಲೇ ಬರೆದಿರುತ್ತದೆ, ಓದಿಕೊಳ್ಳಿ.

ಮೊದಲ ಭಾನುವಾರದ ಕಥೆ ಕೇಳಿ. ಬ್ಯಾಟರಿ ಹಾಕಿದೆ, ಗೋಡೆಗೆ ಒತ್ತಿ ಹಿಡಿದೆ, ಬಟನ್ ಅದುಮಿದೆ, ರೆಡಿ ಅಂತ ಒಂದು ಬೀಪ್ ಬಂತು. ಬಲಕ್ಕೆ ಜಾರಿಸುತ್ತಾ ಹೋದೆ. ಎರಡು ಗೇಣು ಹೋದರೂ ಸದ್ದಿಲ್ಲ. ವಾಪಸ್ ಬಂದೆ, ಸದ್ದಿಲ್ಲ. ಸರಿ, ಇಲ್ಲಿ ಸ್ಟಡ್ ಇಲ್ಲ ಅಂತ ನಾನೇ ತೀರ್ಪು ಕೊಟ್ಟು, ಮೂಲೆಯಿಂದ 600 ಮಿ.ಮೀ. ಅಳೆದು ತೂತು ಕೊರೆದೆ. ಬಿಟ್ ಬೆಣ್ಣೆಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಸ್ಕ್ರೂ ಹಾಕಿದರೆ ಗರಗರ ತಿರುಗುತ್ತದೆ, ಕಚ್ಚುವುದೇ ಇಲ್ಲ. ನೆಲದ ತುಂಬಾ ಬಿಳಿ ಪುಡಿ. ಪಕ್ಕದಲ್ಲಿ ಎರಡನೆಯದು, ಅದರ ಪಕ್ಕ ಮೂರನೆಯದು. ನಾಲ್ಕನೆಯದಕ್ಕೆ ಹೆಂಡತಿ ಬಂದು ನಿಂತು, "ಗೋಡೆಗೆ ಸೊಳ್ಳೆಪರದೆ ಮಾಡ್ತಿದ್ದೀರಾ?" ಅಂದಳು.

ಆಮೇಲೆ ಆ ಪುಟ್ಟ ಮ್ಯಾನ್ಯುಯಲ್ ಬಿಡಿಸಿ ಓದಿದಾಗ ಗೊತ್ತಾಯಿತು. ಇದು ಗೋಡೆಯೊಳಗೆ ನೋಡುವ ಕಣ್ಣಲ್ಲ. ಬಟನ್ ಅದುಮಿದ ಜಾಗದಲ್ಲಿ ಬೋರ್ಡು, ಅದರ ಹಿಂದಿರುವ ವಸ್ತು ಇವು ವಿದ್ಯುತ್ ಕ್ಷೇತ್ರಕ್ಕೆ ಹೇಗೆ ಸ್ಪಂದಿಸುತ್ತವೆ ಅಂತ ಅಳೆದು, ಅದನ್ನೇ "ಖಾಲಿ ಗೋಡೆ" ಅಂತ ನೆನಪಿಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ಏನಾದರೂ ಜಾಸ್ತಿಯಾದರೆ ಮಾತ್ರ ಕೂಗುತ್ತದೆ. ಶುರು ಮಾಡಿದ ಜಾಗದಲ್ಲೇ ಸ್ಟಡ್ ಇದ್ದರೆ? ಸ್ಟಡ್ಡೇ ಖಾಲಿ ಗೋಡೆ ಅಂತ ಕಲಿತುಬಿಡುತ್ತದೆ, ಆಮೇಲೆ ಇಡೀ ಗೋಡೆಗೆ ಸುಮ್ನೆ ಇರುತ್ತದೆ. ನಾನು ಮಾಡಿದ್ದು ಅದೇ. ಕೆಲವು ಮಾಡೆಲ್‌ಗಳು ಇಂಥ ಕಡೆ ಎಚ್ಚರಿಕೆ ಕೊಡುತ್ತವಂತೆ, ನನ್ನದು ಕೊಡಲಿಲ್ಲ. ಸ್ಟಡ್ ಎಲ್ಲಿದೆ ಅಂತ ಹುಡುಕೋಕೆ, ಸ್ಟಡ್ ಎಲ್ಲಿಲ್ಲ ಅಂತ ಮೊದಲೇ ಗೊತ್ತಿರಬೇಕು! ಕಳೆದುಹೋದ ಕನ್ನಡಕ ಹುಡುಕೋಕೆ ಕನ್ನಡಕ ಹಾಕಿಕೊಂಡು ಬನ್ನಿ ಅಂದ ಹಾಗಾಯಿತು.

ಮೂಲೆಯಿಂದ ಅಳೆದದ್ದು ನನ್ನದೇ ತಪ್ಪು, ಅದನ್ನು ಮೆಷಿನ್ ತಲೆಗೆ ಕಟ್ಟುವುದಿಲ್ಲ. ಬೋರ್ಡು 1200 ಮಿ.ಮೀ. ಅಗಲ ಇರುವುದರಿಂದ ಸ್ಟಡ್‌ಗಳನ್ನು 600ಕ್ಕೊಂದು ಅಥವಾ 400ಕ್ಕೊಂದು ನಿಲ್ಲಿಸುತ್ತಾರೆ. ಹಾಗಿದ್ದರೆ ಮಾತ್ರ ಬೋರ್ಡಿನ ಅಂಚು ಸ್ಟಡ್ ಮೇಲೇ ಬಂದು ಕೂರುತ್ತದೆ. ಆದರೆ ಯಾವ ತುದಿಯಿಂದ ಲೆಕ್ಕ ಶುರುವಾಯಿತು ಅಂತ ನಮಗೆ ಗೊತ್ತಿರುವುದಿಲ್ಲ, ಕೊನೆಯ ತುಂಡು ಸಾಮಾನ್ಯವಾಗಿ ಗಿಡ್ಡ. ಒಂದು ಸ್ಟಡ್ ಖಚಿತವಾಗಿ ಸಿಕ್ಕ ಮೇಲೆ ಈ ಅಳತೆ ಬಂಗಾರ, ಅದಕ್ಕೆ ಮುಂಚೆ ಬರೀ ಊಹೆ.

ಇನ್ನು ಸಣ್ಣಪುಟ್ಟ ಕಿರಿಕಿರಿ. ತಗಡಿನ ಸ್ಟಡ್ ಇದಕ್ಕೆ ನಿಜಕ್ಕಿಂತ ಅಗಲವಾಗಿ ಕಾಣುತ್ತದೆ, ಹಾಗಾಗಿ ಎಡದಿಂದ ಒಂದು ಸಲ, ಬಲದಿಂದ ಒಂದು ಸಲ ಬಂದು, ಎರಡು ಗುರುತಿನ ನಟ್ಟನಡುವೆ ಹಿಡಿಯಬೇಕು. ಬ್ಯಾಟರಿ ಸೊರಗಿದರೆ ಸಾಯುವ ಬದಲು ಸುಳ್ಳು ಹೇಳುತ್ತದೆ. ಬ್ಯಾಟರಿ ಮುಚ್ಚಳದ ಕೊಕ್ಕೆ ಎರಡನೇ ವರ್ಷಕ್ಕೇ ಮುರಿಯಿತು, ಈಗ ಟೇಪ್ ಸುತ್ತಿದ್ದೇನೆ. ಹಿಂಭಾಗದ ಮೆತ್ತನೆಯ ಪಟ್ಟಿ ಸವೆದು ತಿಳಿ ಬಣ್ಣದ ಗೋಡೆ ಮೇಲೆ ಗೆರೆ ಎಳೆಯುತ್ತದೆ.

ಅಷ್ಟರಲ್ಲಿ ನನಗೆ ಇನ್ನೊಬ್ಬ ಗೆಳೆಯ ಸಿಕ್ಕಿದ. ಕೆಟ್ಟುಹೋದ ಹಾರ್ಡ್ ಡಿಸ್ಕ್ ಒಂದನ್ನು ಸುಮ್ನೆ ಬಿಚ್ಚುತ್ತಾ ಕೂತಿದ್ದೆ, ಒಳಗೆ ಬಾಳೆಹಣ್ಣಿನ ಆಕಾರದ ನಿಯೋಡಿಮಿಯಮ್ ಅಯಸ್ಕಾಂತ ಇರುತ್ತದೆ, ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಚಿಕ್ಕದು, ಸ್ಕ್ರೂಡ್ರೈವರನ್ನು ಕೈಯಿಂದ ಕಿತ್ತುಕೊಳ್ಳುವಷ್ಟು ಜೋರು. ಅದಕ್ಕೆ ಮೊಳದುದ್ದ ಹೊಲಿಗೆ ದಾರ ಕಟ್ಟಿದೆ. ಗೋಡೆಗೆ ತಾಗುವ ಹಾಗೆ ಇಳಿಬಿಟ್ಟು ನಿಧಾನಕ್ಕೆ ನಡೆಸಿದರೆ, ಸ್ವಲ್ಪ ದೂರ ಸುಮ್ಮನೆ ತೂಗಾಡುತ್ತದೆ. ಇದ್ದಕ್ಕಿದ್ದಂತೆ ಒಂದು ಕಡೆ ಓರೆಯಾಗಿ, ಯಾರೋ ಒಳಗಿನಿಂದ ಕರೆದ ಹಾಗೆ, ಟಕ್ ಅಂತ ಅಂಟಿಕೊಳ್ಳುತ್ತದೆ. ಪುಟ್ಟಿಯ ಕೆಳಗೆ ಬೋರ್ಡನ್ನು ಸ್ಟಡ್‌ಗೆ ಬಿಗಿದ ಸ್ಕ್ರೂವಿನ ತಲೆ ಅದು! ಅಲ್ಲಿಂದ ಮೇಲಕ್ಕೋ ಕೆಳಕ್ಕೋ ಗೇಣು ದೂರ ಹೋದರೆ ಇನ್ನೊಂದು ಟಕ್. ಮೂರು ಟಕ್ ಒಂದೇ ಗೆರೆಯಲ್ಲಿ ಬಂದರೆ ಸ್ಟಡ್ ಸಿಕ್ಕಿತು. ಬ್ಯಾಟರಿ ಇಲ್ಲ, ಬೀಪ್ ಇಲ್ಲ, ಎಲ್ಲಿಂದ ಶುರು ಮಾಡಬೇಕು ಅನ್ನೋ ಜಗಳವೂ ಇಲ್ಲ.

ಈಗ ನನ್ನ ಪದ್ಧತಿ ಹೀಗಿದೆ. ರಾತ್ರಿ ಲೈಟ್ ಆರಿಸಿ ಟಾರ್ಚನ್ನು ಗೋಡೆಗೆ ಒತ್ತಿ ಪಕ್ಕದಿಂದ ಬೆಳಕು ಬಿಡುತ್ತೇನೆ. ಸ್ಕ್ರೂ ಮೇಲಿನ ಪುಟ್ಟಿ ಸ್ವಲ್ಪ ತಗ್ಗಿರುವ ಕಡೆ ಸಣ್ಣ ನೆರಳು ಬೀಳುತ್ತದೆ. ಅಲ್ಲಿ ಅಯಸ್ಕಾಂತ ಇಳಿಬಿಟ್ಟು ಟಕ್ ಅಂದ ಕಡೆ ಮಾಸ್ಕಿಂಗ್ ಟೇಪ್ ತುಂಡು ಹಚ್ಚಿ, ಪೆನ್ಸಿಲ್‌ನಿಂದ ಗೀಟು ಹಾಕುತ್ತೇನೆ. ಗೋಡೆಗೇ ಗೀಟು ಹಾಕಿ ಬೈಸಿಕೊಂಡಿದ್ದಾಗಿದೆ. ಕೊನೆಗೆ 2 ಮಿ.ಮೀ. ಬಿಟ್ಟಿನಿಂದ ಒಂದು ಪರೀಕ್ಷೆ ತೂತು. ಮೊದಲು ಬಿಳಿ ಪುಡಿ ಉದುರುತ್ತದೆ, ಆಮೇಲೆ ಬಿಟ್ ಒಂದು ಕ್ಷಣ ತಡೆಯುತ್ತದೆ, ಡ್ರಿಲ್‌ನ ದನಿ ಬದಲಾಗುತ್ತದೆ, ತೂತಿನ ಬಾಯಲ್ಲಿ ಕೂದಲೆಳೆಯಂಥ ಬೆಳ್ಳಿ ಬಣ್ಣದ ತಗಡಿನ ಸುರುಳಿ ಇಣುಕುತ್ತದೆ. ಅದನ್ನು ನೋಡಿದಾಗ ಆಗುವ ಖುಷಿ ಹೇಳಿದರೆ ನಗುತ್ತೀರಿ. (ತಗಡು ತೆಳು, ನೆನಪಿರಲಿ. ಶೆಲ್ಫಿಗೆ ತಗಡಿಗೆ ಕಚ್ಚುವ ಸ್ಕ್ರೂ ಸಾಕಾಯಿತು, ಟಿವಿಯಂಥ ಭಾರಕ್ಕೆ ನಾನು ಒಂಟಿ ಸ್ಕ್ರೂ ನಂಬುವುದಿಲ್ಲ, ತೂತಿನ ಹಿಂದೆ ರೆಕ್ಕೆ ಬಿಚ್ಚಿಕೊಂಡು ಹಿಡಿಯುವ ಟಾಗಲ್ ಬೋಲ್ಟ್ ಹಾಕುತ್ತೇನೆ.)

ಹೀಗೆ ಮೆಷಿನ್ ಡ್ರಾಯರ್ ಸೇರಿ ಒಂದು ವರ್ಷ ಕಳೆಯಿತು. ಮಾರಿಬಿಡೋಣ ಅಂತಲೂ ಇದ್ದೆ. ಆಮೇಲೆ ರೂಮಿನಲ್ಲಿ ಸ್ವಿಚ್ ಬೋರ್ಡಿನ ಮೇಲುಗಡೆ ಒಂದು ಗೂಡು ಹಾಕಬೇಕಾಯಿತು. ಅಯಸ್ಕಾಂತ ಟಕ್ ಟಕ್ ಅಂತ ಚೆನ್ನಾಗಿ ಗೆರೆ ತೋರಿಸಿತು, ಡ್ರಿಲ್ ಕೈಯಲ್ಲಿತ್ತು. ಏನೋ ಅನುಮಾನ ಬಂದು ಡ್ರಾಯರ್ ತೆಗೆದೆ. ಮೆಷಿನ್ ಇಟ್ಟರೆ ಕೆಂಪು ದೀಪ, ಅಂದರೆ ಕರೆಂಟ್ ವೈರ್. ಮೊದಲು ಇಡೀ ಗೋಡೆಗೇ ಕೆಂಪು ತೋರಿಸಿತು, ಇದರ ಹುಚ್ಚು ಮತ್ತೆ ಶುರು ಅಂದುಕೊಂಡೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಹಾಗೆ ಪಕ್ಕದಲ್ಲಿ ಅಂಗೈ ಒತ್ತಿ ಹಿಡಿದೆ. ಗೋಡೆಯಲ್ಲಿ ಸ್ಥಿರ ವಿದ್ಯುತ್ ಇದ್ದರೆ ಹೀಗೆ ಇಳಿಯುತ್ತದಂತೆ. ಹೌದು, ದೀಪ ನನ್ನ ಗೀಟಿನ ಪಕ್ಕದಲ್ಲೇ, ಬೆರಳಗಲದಲ್ಲಿ ಬಂದು ನಿಂತಿತು. ಸ್ವಿಚ್ ಬಾಕ್ಸಿನಿಂದ ಮೇಲಕ್ಕೆ ಹೋಗುವ ವೈರು, ಸ್ಟಡ್ಡಿಗೆ ತಾಗಿಕೊಂಡೇ ಹೋಗಿದೆ. ಅಯಸ್ಕಾಂತಕ್ಕೆ ತಾಮ್ರ ಎಲ್ಲಿ ಗೊತ್ತಾಗಬೇಕು?

ಆವತ್ತಿನಿಂದ ಮೆಷಿನ್ ಮೇಲಿನ ಸಿಟ್ಟು ಅರ್ಧ ಇಳಿಯಿತು. ಈಗ ಸ್ಟಡ್ ಹುಡುಕೋಕೆ ದಾರದ ಅಯಸ್ಕಾಂತ, ವೈರ್ ಹುಡುಕೋಕೆ ಮೆಷಿನ್. ಕರೆಂಟ್ ಇದ್ದಾಗ ಮಾತ್ರ ಅದು ವೈರ್ ಕಂಡುಹಿಡಿಯುತ್ತದೆ, ಲೋಹದ ಪೈಪಿನೊಳಗಿನ ವೈರ್ ಕಾಣುವುದಿಲ್ಲ. ಹಾಗಾಗಿ ಕರೆಂಟ್ ಇಟ್ಟು ಹುಡುಕಿ, ಮೇನ್ ಆಫ್ ಮಾಡಿ ಕೊರೆಯುತ್ತೇನೆ. ಬರೀ ಸ್ಟಡ್‌ಗೋಸ್ಕರ ಇಷ್ಟು ದುಡ್ಡು ಮತ್ತೆ ಕೊಡುತ್ತೀಯಾ ಅಂದರೆ ಇಲ್ಲ. ಆ ಕೆಂಪು ದೀಪಕ್ಕೆ, ಹೂಂ, ಗೊಣಗುತ್ತಾ ಕೊಡುತ್ತೇನೆ.

ಹೋದ ವಾರ ಮೇಲಿನ ಮನೆಯವರು ಮೆಷಿನ್ ತೆಗೆದುಕೊಂಡು ಹೋಗಿ, ಅರ್ಧ ಗಂಟೆಗೆ ವಾಪಸ್ ತಂದರು.

"ಏನ್ರೀ ಇದು, ಬೀಪೇ ಬರ್ತಿಲ್ಲ. ಕೆಟ್ಟಿದೆ."

"ಎಲ್ಲಿಂದ ಶುರು ಮಾಡಿದ್ರಿ?"

"ಸ್ವಿಚ್ ಬೋರ್ಡ್ ಪಕ್ಕದಿಂದ."

ನಗು ತಡೆದುಕೊಂಡೆ. ಸ್ವಿಚ್ ಬಾಕ್ಸನ್ನು ಸಾಮಾನ್ಯವಾಗಿ ಸ್ಟಡ್‌ನ ಪಕ್ಕಕ್ಕೇ ಬಿಗಿದಿರುತ್ತಾರೆ, ಇವರು ಸರಿಯಾಗಿ ಅದರ ನೆತ್ತಿ ಮೇಲೆ ಮೆಷಿನ್ ಇಟ್ಟಿದ್ದಾರೆ. ಅಲ್ಲಿಂದ ಒಂದು ಗೇಣು ಆಚೆಗೆ ಶುರು ಮಾಡಿ ಅಂತ ಹೇಳಿ, ಜೊತೆಗೆ ಅಯಸ್ಕಾಂತವನ್ನೂ ಕೊಟ್ಟು ಕಳಿಸಿದೆ. ಮರುದಿನ ಬೆಳಿಗ್ಗೆಯೇ ಮೆಷಿನ್ ವಾಪಸ್ ಬಂತು. ಅಯಸ್ಕಾಂತ ಇನ್ನೂ ಬಂದಿಲ್ಲ.