ಐಸ್‌ಲ್ಯಾಂಡಿನಲ್ಲಿ ತಿಮಿಂಗಿಲ ನೋಡೋಕೆ ಯಾವ ಬೋಟು?

ಐಸ್‌ಲ್ಯಾಂಡಿಗೆ ಹೊರಟವರೆಲ್ಲ ಕೇಳುವುದು ಒಂದೇ: ತಿಮಿಂಗಿಲ ಎಲ್ಲಿ ಖಂಡಿತ ಕಾಣಿಸುತ್ತೆ? ಕೇಳಬೇಕಾದ್ದೇ. ಆದರೆ ಯಾವ ಬೋಟಿನಿಂದ ನೋಡುತ್ತೀರಿ ಅನ್ನೋದೂ ಅಷ್ಟೇ ಮುಖ್ಯ. ರಾಜಧಾನಿ ರೇಕ್ಯವಿಕ್‌ನ ದೊಡ್ಡ ಬೋಟು, ಉತ್ತರದ ಹೂಸವಿಕ್ ಊರಿನ ಹಳೆಯ ಓಕ್ ಮರದ ಬೋಟು, ಅದೇ ಹೂಸವಿಕ್‌ನ ಗಾಳಿ ತುಂಬಿದ ರಬ್ಬರ್ ಅಂಚಿನ ಸ್ಪೀಡ್ ಬೋಟು (ಅಲ್ಲಿ ಎಲ್ಲರೂ ರಿಬ್ ಅಂತಾರೆ), ಮೂರರಲ್ಲೂ ನಾನು ಹೋಗಿದ್ದೇನೆ. ನನ್ನ ಓಟು ಮರದ ಬೋಟಿಗೆ. ಯಾಕೆ ಅಂತ ಹೇಳುತ್ತೇನೆ.

ರೇಕ್ಯವಿಕ್‌ನ ದೊಡ್ಡ ಬೋಟಿನ ಅನುಕೂಲ ಕಣ್ಣಿಗೆ ಕಾಣುವಂಥದ್ದು. ಊರಿನ ನಡುವಿನಿಂದ ಹಳೆ ಬಂದರಿಗೆ ನಡೆದೇ ಹೋಗಬಹುದು. ವರ್ಷವಿಡೀ ಬೋಟು ಹೊರಡುತ್ತದೆ. ಒಳಗೆ ಬೆಚ್ಚಗಿನ ಕ್ಯಾಬಿನ್, ಕಾಫಿ, ಟಾಯ್ಲೆಟ್ ಎಲ್ಲ ಇದೆ. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಬೇರೆ ಯೋಚನೆಯೇ ಬೇಡ, ಇದನ್ನೇ ಹತ್ತಿ. ಆದರೆ ಈ ಬೋಟು ಹೋಗುವ ಫಾಕ್ಸಾಫ್ಲೋಯಿ ಕೊಲ್ಲಿ ತುಂಬಾ ಅಗಲ, ಪಶ್ಚಿಮಕ್ಕೆ ಪೂರ್ತಿ ತೆರೆದುಕೊಂಡಿದೆ. ಗಾಳಿ ಎದ್ದರೆ ದೊಡ್ಡ ಬೋಟೂ ಚೆನ್ನಾಗಿ ತೂಗಾಡುತ್ತದೆ. ಹಂಪ್‌ಬ್ಯಾಕ್ ಅನ್ನೋ ದೊಡ್ಡ ತಿಮಿಂಗಿಲಗಳು ಇಲ್ಲೂ ಬರುತ್ತವೆ, ಆದರೆ ನನಗೆ ಸಿಕ್ಕಿದ್ದು ಮಿಂಕೆ ತಿಮಿಂಗಿಲ. ಎಂಟು, ಒಂಬತ್ತು ಮೀಟರ್ ಉದ್ದದ ಚುರುಕು ಪ್ರಾಣಿ. ಬೆನ್ನು, ಚಿಕ್ಕದೊಂದು ರೆಕ್ಕೆ ಕಂಡಿತು ಅನ್ನುವಷ್ಟರಲ್ಲಿ ಮಾಯ. ಮುಳುಗುವಾಗ ಬಾಲ ಎತ್ತುವುದಿಲ್ಲ. ಮೇಲಿನ ಡೆಕ್‌ನಲ್ಲಿ ಜನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುತ್ತಿರುತ್ತಾರೆ. ಮುಂದೆ ನಿಂತವರ ಭುಜದ ಸಂದಿಯಿಂದ ನೋಡಬೇಕು. ಬಿಳಿ ಮೂತಿಯ ಡಾಲ್ಫಿನ್‌ಗಳು ಬೋಟಿನ ಮೂತಿಯ ಮುಂದೆ ನೆಗೆಯುತ್ತಾ ಬಂದದ್ದು ಮಾತ್ರ ಎಲ್ಲರಿಗೂ ಕಾಣಿಸಿತು. ಆ ದಿನದ ಖುಷಿ ಅದೇ.

ಹೂಸವಿಕ್ ಇರೋದು ದೇಶದ ಉತ್ತರ ಕರಾವಳಿಯಲ್ಲಿ. ರೇಕ್ಯವಿಕ್‌ನಿಂದ ಕಾರಿನಲ್ಲಿ ಹೊರಟರೆ ಹೆಚ್ಚು ಕಡಿಮೆ ಇಡೀ ದಿನ ಅದಕ್ಕೇ ಹೋಗುತ್ತದೆ. ಉತ್ತರದಲ್ಲೇ ಇರುವ ಅಕುರೇರಿ ಊರಿಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ರಸ್ತೆ ಹಿಡಿದರೆ ಸುಲಭ. ಇಷ್ಟು ದೂರ ಯಾಕೆ ಅಂದರೆ, ಸ್ಕ್ಯಾಲ್‌ಫಂಡಿ ಕೊಲ್ಲಿ. ಎರಡು ನದಿಗಳು ಬಂದು ಸೇರುವ ಆಳವಾದ ಕೊಲ್ಲಿ. ನದಿ ತರುವ ಪೋಷಕಾಂಶ, ಬೇಸಿಗೆಯ ಉದ್ದುದ್ದ ಹಗಲು ಎರಡೂ ಸೇರಿ ನೀರಿನ ತುಂಬಾ ಸೂಕ್ಷ್ಮಜೀವಿ, ಸೀಗಡಿಯಂಥ ಕ್ರಿಲ್, ಸಣ್ಣ ಮೀನು. ಹಂಪ್‌ಬ್ಯಾಕ್‌ಗಳು ಇಲ್ಲಿಗೆ ಹೊಟ್ಟೆ ತುಂಬಿಸಿಕೊಳ್ಳೋಕೇ ಬರುತ್ತವೆ. ತಿನ್ನುವುದರಲ್ಲಿ ಮುಳುಗಿರುವ ತಿಮಿಂಗಿಲ ಬೇಗ ಜಾಗ ಬಿಟ್ಟು ಹೋಗುವುದಿಲ್ಲ. ನೋಡುವವರಿಗೆ ಅದೇ ದೊಡ್ಡ ಲಾಭ.

ಇಲ್ಲಿ ರಿಬ್ ಮತ್ತು ಮರದ ಬೋಟು ಹೋಗುವುದು ಅದೇ ಕೊಲ್ಲಿಗೆ, ನೋಡುವುದು ಅದೇ ತಿಮಿಂಗಿಲವನ್ನು. ಹಾಗಾಗಿ ಹೋಲಿಕೆ ಸರಿಯಾಗಿ ಮಾಡಬಹುದು.

ರಿಬ್‌ನ ವೇಗ ನಿಜಕ್ಕೂ ಮಜಾ. ಮೈತುಂಬಾ ದಪ್ಪ ಸೂಟ್ ಹಾಕಿಸಿ, ಕನ್ನಡಕ ಕೊಟ್ಟು, ಕುದುರೆ ಹತ್ತಿದ ಹಾಗೆ ಸೀಟಿನ ಮೇಲೆ ಕೂರಿಸುತ್ತಾರೆ. ತಿಮಿಂಗಿಲ ಕೊಲ್ಲಿಯ ಆಚೆ ದಡದ ಹತ್ತಿರ ಇದೆ ಅಂತ ಸುದ್ದಿ ಬಂದರೆ ಸ್ವಲ್ಪ ಹೊತ್ತಿನಲ್ಲೇ ಅಲ್ಲಿ. ಪಫಿನ್ ಹಕ್ಕಿಗಳ ದ್ವೀಪಕ್ಕೂ ಒಂದು ಸುತ್ತು ಹಾಕಿಸಿದರು. ನೀರಿನ ಮಟ್ಟದಲ್ಲೇ ಕೂತಿರುವುದರಿಂದ ಹಂಪ್‌ಬ್ಯಾಕ್ ಬೆನ್ನು ಎತ್ತಿದಾಗ ಅದು ನಿಮ್ಮ ತಲೆಗಿಂತ ಮೇಲೆ ಹೋಗುತ್ತಿದೆಯೇನೋ ಅನಿಸುತ್ತದೆ. ಅದು ಎಷ್ಟು ದೊಡ್ಡದು ಅಂತ ಮೈಗೆ ಗೊತ್ತಾಗುವುದು ರಿಬ್‌ನಲ್ಲೇ, ಅದನ್ನು ಒಪ್ಪಲೇಬೇಕು.

ಆದರೆ ಕಷ್ಟಗಳೂ ಉಂಟು. ಅಲೆ ಮೇಲೆ ಬೋಟು ಧಡ್ ಧಡ್ ಅಂತ ಬಡಿಯುತ್ತದೆ. ಬೆನ್ನು, ಕುತ್ತಿಗೆ ನೋವಿದ್ದವರು ಹತ್ತಲೇಬಾರದು. ಗರ್ಭಿಣಿಯರನ್ನು, ಚಿಕ್ಕ ಮಕ್ಕಳನ್ನು ಹತ್ತಿಸುವುದೂ ಇಲ್ಲ. ಟಾಯ್ಲೆಟ್ ಇಲ್ಲ. ಒಂದು ಕೈ ಹಿಡಿಕೆಯ ಮೇಲಿರುವುದರಿಂದ ಕ್ಯಾಮೆರಾಗೆ ಉಳಿಯುವುದು ಒಂದೇ ಕೈ, ಅದರ ಮೇಲೂ ಉಪ್ಪುನೀರು. ದುಡ್ಡು ಮರದ ಬೋಟಿಗಿಂತ ಬಹಳ ಜಾಸ್ತಿ, ನೀರಿನ ಮೇಲೆ ಇರುವ ಹೊತ್ತು ಕಡಿಮೆ.

ಮರದ ಬೋಟು ನಿಧಾನ. ತಿಮಿಂಗಿಲ ಇರುವ ಕಡೆ ಹೋಗೋಕೇ ಒಳ್ಳೇ ಹೊತ್ತು ಬೇಕು. ಇವೆಲ್ಲ ಒಂದು ಕಾಲದಲ್ಲಿ ಮೀನು ಹಿಡಿಯುತ್ತಿದ್ದ ಬೋಟುಗಳು. ಹೂಸವಿಕ್‌ನಲ್ಲಿ 1995ರಲ್ಲಿ ಈ ಯಾತ್ರೆ ಶುರುವಾದದ್ದೇ ಹಾಗೆ ದುರಸ್ತಿ ಮಾಡಿದ ಮರದ ಬೋಟಿನಿಂದ. ಡೆಕ್ ಮೇಲೆ ನಿಮ್ಮಿಷ್ಟದ ಕಡೆ ಓಡಾಡಬಹುದು. ಗೈಡ್ ಗಡಿಯಾರದ ಲೆಕ್ಕದಲ್ಲಿ ದಿಕ್ಕು ಹೇಳುತ್ತಾರೆ. ಬೋಟಿನ ಮೂತಿ ಹನ್ನೆರಡು ಗಂಟೆ, ಬಲಗೈ ಕಡೆ ಮೂರು. "ಎರಡು ಗಂಟೆ!" ಅಂದ ಕೂಡಲೇ ತಲೆ ಅತ್ತ ತಿರುಗಬೇಕು.

ನನ್ನ ಮನಸ್ಸು ಗೆದ್ದದ್ದು ಎಂಜಿನ್ ತಗ್ಗಿಸಿ ಕಾಯುವ ಹೊತ್ತು. ಹಂಪ್‌ಬ್ಯಾಕ್ ಮೇಲೆ ಬಂದು ಕೆಲವು ಸಲ ಉಸಿರಾಡುತ್ತದೆ. ಆಮೇಲೆ ಬೆನ್ನನ್ನು ಚೆನ್ನಾಗಿ ಬಾಗಿಸಿ, ಬಾಲ ಎತ್ತಿ, ಆಳಕ್ಕೆ ಇಳಿಯುತ್ತದೆ. ಮತ್ತೆ ಕೆಲವು ನಿಮಿಷ ಏನೂ ಇಲ್ಲ, ಬರೀ ನೀರು. ಆ ನಿಶ್ಶಬ್ದದಲ್ಲಿ ಬೆನ್ನ ಹಿಂದೆ ಎಲ್ಲೋ 'ಫುಸ್ಸ್' ಅಂತ ಉಸಿರು ಕೇಳಿಸಿತು. ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿದ್ದಿತು. ಗಾಳಿ ನಮ್ಮ ಕಡೆ ಬೀಸುತ್ತಿತ್ತು, ಕೊಳೆತ ಮೀನಿನ ವಾಸನೆ ಮುಖಕ್ಕೇ ಬಡಿಯಿತು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ.

ಇನ್ನೊಂದು ವಿಷಯ ಎತ್ತರದ್ದು. ಅಟ್ಲಾಂಟಿಕ್‌ನ ಹಂಪ್‌ಬ್ಯಾಕ್‌ಗಳ ಪಕ್ಕದ ರೆಕ್ಕೆ ಬಿಳಿ, ತುಂಬಾ ಉದ್ದ. ಡೆಕ್‌ನಿಂದ ಕೆಳಗೆ ನೋಡಿದರೆ ನೀರಿನೊಳಗೆ ಆ ಬಿಳಿ ಬಣ್ಣ ತಿಳಿ ಹಸಿರಾಗಿ ಹೊಳೆಯುತ್ತದೆ. ಮೊದಲು ಹಸಿರು ಪಟ್ಟಿ, ಅದರ ಪಕ್ಕ ಕಪ್ಪು ಮೈ, ಆಮೇಲೆ ತಿಮಿಂಗಿಲ ಮೇಲೆ ಬರುತ್ತದೆ. ರಿಬ್‌ನಲ್ಲಿ ಕೂತಾಗ ನೀರಿನ ಮೇಲಿನ ಬೆಳಕಿನ ಹೊಳಪು ಬಿಟ್ಟು ಒಳಗಿನದೇನೂ ಕಾಣಿಸಿರಲಿಲ್ಲ. ಹತ್ತಿರ ಹೋಗಿದ್ದು ರಿಬ್, ಇಡೀ ಪ್ರಾಣಿಯನ್ನು ತೋರಿಸಿದ್ದು ಮರದ ಬೋಟು.

ಬಾಲದ ಅಡಿಭಾಗ ನೋಡೋಕೆ ಬೋಟು ತಿಮಿಂಗಿಲದ ಹಿಂದಿರಬೇಕು, ಅಲ್ವಾ? ಇಲ್ಲಿ ಮರದ ಬೋಟಿಗೆ ಒಂದು ತೊಡಕಿದೆ. ಅದು ಬೇಗ ಜಾಗ ಬದಲಿಸೋಕಾಗಲ್ಲ. ಕೆಲವು ಸಲ ಬಾಲ ಅಡ್ಡಕ್ಕೆ ಬಂದು ಬರೀ ಗೆರೆಯಂತೆ ಕಂಡಿತು. ಸರಿಯಾಗಿ ಸಿಕ್ಕಾಗ ಮಾತ್ರ ಆ ಕಪ್ಪು ಬಿಳುಪಿನ ಗುರುತು ಪೂರ್ತಿ ಕಾಣಿಸಿತು. ಪ್ರತಿ ಹಂಪ್‌ಬ್ಯಾಕ್‌ಗೂ ಆ ಗುರುತು ಬೇರೆ. ಸಂಶೋಧಕರು ಅದನ್ನೇ ಫೋಟೋ ತೆಗೆದು, ಯಾವುದು ಯಾವ ವರ್ಷ ಮತ್ತೆ ಬಂತು ಅಂತ ಲೆಕ್ಕ ಇಡುತ್ತಾರೆ. ಹಾಗಾಗಿ ನಿಮ್ಮ ಫೋಟೋ ಚೆನ್ನಾಗಿ ಬಂದಿದ್ದರೆ ಗೈಡ್‌ಗೆ ಒಮ್ಮೆ ತೋರಿಸಿ.

ವಾಪಸ್ ಬರುವಾಗ ಬಿಸಿ ಚಾಕೊಲೇಟ್, ಚಕ್ಕೆ ಹಾಕಿದ ಬನ್ ಕೊಟ್ಟರು. ಮೂರು ಗಂಟೆ ಚಳಿಯಲ್ಲಿ ನಿಂತ ಮೇಲೆ ಅದಕ್ಕಿಂತ ಒಳ್ಳೆಯದು ಬೇಕಿರಲಿಲ್ಲ. ಅವರು ಕೊಡುವ ದೊಗಲೆ ಕೋಟನ್ನು ಸುಮ್ನೆ ಹಾಕಿಕೊಂಡುಬಿಡಿ, ಜುಲೈಯಲ್ಲೂ ಬೇಕಾಗುತ್ತದೆ. ವಾಂತಿ ಬರುವವರು ಮಾತ್ರೆಯನ್ನು ಬೋಟು ಹತ್ತುವ ಮೊದಲೇ ತೆಗೆದುಕೊಳ್ಳಿ, ತೂಗಾಡಲು ಶುರುವಾದ ಮೇಲೆ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಒಳಗೆ ಕೂರಬೇಡಿ, ಹೊರಗೆ ನಿಂತು ದಿಗಂತ ನೋಡುತ್ತಿರಿ.

ಹೂಸವಿಕ್‌ಗೆ ಹೋಗುವುದೇ ಆದರೆ ಅಲ್ಲಿ ಎರಡು ರಾತ್ರಿ ಇಟ್ಟುಕೊಳ್ಳಿ. ಗಾಳಿ ಜೋರಾದರೆ ಬೋಟು ಬಿಡುವುದಿಲ್ಲ, ಮಾರನೇ ದಿನಕ್ಕೆ ಹಾಕುತ್ತಾರೆ. ಕಾಯುವ ದಿನ ಬಂದರಿನ ಹತ್ತಿರದ ತಿಮಿಂಗಿಲ ಮ್ಯೂಸಿಯಂ ನೋಡಬಹುದು. ಜೂನ್ ತಿಂಗಳಾದರೆ ಸಂಜೆಯ ಬೋಟು ಹಿಡಿಯಿರಿ. ರಾತ್ರಿಯೂ ಬೆಳಕಿರುತ್ತದೆ, ಜನ ಕಡಿಮೆ. ಜೂನ್, ಜುಲೈ ಹೊತ್ತಿಗೆ ನೀಲಿ ತಿಮಿಂಗಿಲವೂ ಆಗೊಮ್ಮೆ ಈಗೊಮ್ಮೆ ಆ ಕೊಲ್ಲಿಗೆ ಬರುತ್ತದೆ.